ಟಿವಿ ಕಪಾಟಿನ ಖಾನೆಯೊಳಗ ಕೂಡ್ರೋ ಕ್ಯಾಬಿನೆಟ್ಟು, ಅದಕ್ಕ ತಕ್ಕ ಎಸ್‌ಎಂಪಿಎಸ್ಸು ಯಾವುದು?

ಉಣಕಲ್_ಕೆರೆ

ಎಲ್ಲಾರಿಗೂ ನಮಸ್ಕಾರ. ಹಾಲ್‌ನ್ಯಾಗ ಟಿವಿ ಕೆಳಗ ಇಡಾಕ ಒಂದು ಸಣ್ಣ ಕಂಪ್ಯೂಟರ್ ಜೋಡಿಸಬೇಕಾಗೈತಿ. ಕೋಡಿ ಅನ್ನೋ ಸಿನಿಮಾ ಓಡಿಸೋ ಆ್ಯಪ್‌ನ್ಯಾಗ 4ಕೆ ಸಿನಿಮಾ ನೋಡೋದು, ಹಾಡು ಕೇಳೋದು, ಅಷ್ಟ. ಗೇಮ್ ಇಲ್ಲ, ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಇಂಟೆಲ್ ಐ3-12100, ಎಚ್610 ಮಿನಿ ಐಟಿಎಕ್ಸ್ ಬೋರ್ಡ್, 16 ಜಿಬಿ ರ‍್ಯಾಮ್, ಎಂ.2 ಎಸ್‌ಎಸ್‌ಡಿ ಬಂದಾವು. 4 ಟಿಬಿಯ 3.5 ಇಂಚಿನ ಹಾರ್ಡ್‌ಡಿಸ್ಕ್ ಮನ್ಯಾಗ ಐತಿ. ಉಳಿದಿದ್ದು ಕ್ಯಾಬಿನೆಟ್ಟು, ಮತ್ತ ಗೋಡೆ ಕರೆಂಟನ್ನ ಕಂಪ್ಯೂಟರಿಗೆ ಬೇಕಾದ ವೋಲ್ಟಿಗೆ ಇಳಸೋ ಎಸ್‌ಎಂಪಿಎಸ್ಸು.

ಖಾನೆಯ ಒಳ ಅಳತಿ: ಅಗಲ 52, ಎತ್ತರ 17, ಆಳ 38 ಸೆಂ.ಮೀ. ಮುಂದ ಗಾಜಿನ ಬಾಗಲ, ಹಿಂದ ಪ್ಲೈವುಡ್, ವೈರ್ ಹೋಗಾಕ ಒಂದ ತೂತು. ಅಂಗಡಿಯವರು "450 ವ್ಯಾಟ್ ಎಸ್‌ಎಂಪಿಎಸ್ ಸಮೇತ ಸ್ಲಿಮ್ ಕ್ಯಾಬಿನೆಟ್ ಐತಿ, ಇದನ್ನ ಒಯ್ರಿ" ಅನ್ನಾಕತ್ತಾರ. ಮನ್ಯಾಗ ಇನ್ವರ್ಟರ್ ಐತಿ. ರಾತ್ರಿ ಸಿನಿಮಾ ನೋಡುವಾಗ ಫ್ಯಾನ್ ಸಪ್ಪಳ ಕೇಳಬಾರದು.

ಸೋಲ್ಡರ್_ಗನ್

450 ಅನ್ನೋದನ್ನ ನಂಬಬ್ಯಾಡ್ರಿ, ಡಬ್ಬಿ ತೆಗಸಿ ಲೇಬಲ್ ಓದ್ರಿ. ಅದರಾಗ +12ವಿ ಅನ್ನೋ ಸಾಲಿನ ಕೆಳಗ ಎಷ್ಟು ಆ್ಯಂಪಿಯರ್ ಅಂತ ಇರತೈತಿ, ಅದನ್ನ 12ರಿಂದ ಗುಣಸ್ರಿ. 14 ಆ್ಯಂಪಿಯರ್ ಇದ್ರ 168 ವ್ಯಾಟ್, 16 ಇದ್ರ 192. ಪ್ರೊಸೆಸರ್ರು, ಹಾರ್ಡ್‌ಡಿಸ್ಕಿನ ಮೋಟರು, ಫ್ಯಾನು ಎಲ್ಲಾ ತಿನ್ನೋದು ಆ 12 ವೋಲ್ಟ್ ಸಾಲಿನಿಂದನ. 3.3 ಮತ್ತ 5 ವೋಲ್ಟಿನ ಸಾಲಿಗೆ ದೊಡ್ಡ ದೊಡ್ಡ ಅಂಕಿ ಬರೆದು, ಎಲ್ಲಾ ಕೂಡಿಸಿ 450 ಅಂತಾರ. ಇವತ್ತಿನ ಬೋರ್ಡಿಗೆ ಆ ಸಾಲುಗಳು ಬೇಕಾಗೋದು ಸಲ್ಪ.

ಈಗ ನಿಮ್ಮ ಲೆಕ್ಕ ಹಾಕೋಣ. ಐ3-12100 ಮೂಲ ಮಿತಿ 60 ವ್ಯಾಟ್, ಜೋರು ಬಂದಾಗ 89. ಬೋರ್ಡು, ರ‍್ಯಾಮು, ಎಸ್‌ಎಸ್‌ಡಿ ಕೂಡಿ 20 ಹಿಡೀರಿ. 3.5 ಇಂಚಿನ ಡಿಸ್ಕ್ ತಿರುಗಾಕ ಶುರು ಮಾಡೋ ಒಂದೆರಡು ಸೆಕೆಂಡ್ 12 ವೋಲ್ಟಿನ್ಯಾಗ 2 ಆ್ಯಂಪಿಯರ್ ತನಕ ಎಳೀತೈತಿ, ಅಂದ್ರ 24 ವ್ಯಾಟ್. ಎಲ್ಲಾ ಒಮ್ಮೆಲೆ ಬಂದ್ರೂ 140 ದಾಟೂದಿಲ್ಲ. ಸಿನಿಮಾ ಓಡುವಾಗ ಡಿಕೋಡ್ ಕೆಲಸ ಪ್ರೊಸೆಸರ್ ಒಳಗಿನ ಯುಎಚ್‌ಡಿ 730 ಗ್ರಾಫಿಕ್ಸ್ ಮಾಡತೈತಿ. ಎಚ್‌ಇವಿಸಿ 10 ಬಿಟ್, ವಿಪಿ9, ಎವಿ1 ಅನ್ನೋ ಮೂರೂ ವಿಡಿಯೊ ಮಾದರಿ ಅದಕ್ಕ ಬರ್ತಾವು. ಆಗ ಗೋಡೆ ಪ್ಲಗ್ಗಿನ್ಯಾಗ 30ರಿಂದ 40 ವ್ಯಾಟ್ ಅಷ್ಟ.

ಅಂದಮ್ಯಾಲ ಆ 168 ವ್ಯಾಟಿಂದೂ ಸಾಕಲ್ಲ ಅಂತೀರಿ. ವ್ಯಾಟ್ ಸಾಕು, ಗುಣ ಸಾಲದು. ಪುಕ್ಕಟೆ ಬರೋ ಎಸ್‌ಎಂಪಿಎಸ್ ಬಿಚ್ಚಿದ್ರ ಕರೆಂಟ್ ಒಳಗ ಬರೋ ಜಾಗದಾಗ ಫಿಲ್ಟರ್ ಕಾಯಿಲ್ ಬದಲಿ ಬರೇ ತಂತಿ ಜಂಪರ್ ಇರತೈತಿ, ವೋಲ್ಟೇಜ್ ಹೊಡೆತ ತಡಿಯೋ ಎಂಒವಿ ಹಾಕೋ ಜಾಗ ಖಾಲಿ ಇರತೈತಿ, ದೊಡ್ಡ ಕೆಪಾಸಿಟರ್ ಇರಬೇಕಾದಲ್ಲಿ ಬೆರಳಿನಷ್ಟು ಎರಡು ನಿಂತಿರತಾವು. ಸಿನಿಮಾದ ಸುಮ್ಮನಿರೋ ಹೊತ್ತಿನ್ಯಾಗ ಅದರ 80 ಎಂಎಂ ಫ್ಯಾನ್ ಗುಂಯ್ ಅನ್ನೋದು ಬ್ಯಾರೆ. ಆ ಕ್ಯಾಬಿನೆಟ್ ಬಿಡ್ರಿ.

ಸಪ್ತಾಪುರ_ಸೌಂಡ್

ಎಸ್‌ಎಂಪಿಎಸ್ ಆಕಾರ ಮೊದಲು ಆರಿಸಿ, ಕ್ಯಾಬಿನೆಟ್ ಅದರ ಹಿಂದೆ ಬರಲಿ. ಎಲ್ಲರೂ ಉಲ್ಟಾ ಮಾಡುತ್ತಾರೆ: ಚಂದದ ಕ್ಯಾಬಿನೆಟ್ ನೋಡಿ ತರುತ್ತಾರೆ, ಆಮೇಲೆ ಅದಕ್ಕೆ ಹಿಡಿಯುವ ಎಸ್‌ಎಂಪಿಎಸ್ ಊರಲ್ಲಿ ಸಿಗುವುದಿಲ್ಲ.

ಸಾಮಾನ್ಯ ಎಟಿಎಕ್ಸ್: ಅಗಲ 150, ಎತ್ತರ 86, ಉದ್ದ 140 ಎಂಎಂ ಅಥವಾ ಹೆಚ್ಚು. ಎಸ್‌ಎಫ್‌ಎಕ್ಸ್: 125, 63.5, 100. ಎಸ್‌ಎಫ್‌ಎಕ್ಸ್-ಎಲ್ ಅಂದರೆ ಅದೇ, ಉದ್ದ ಮಾತ್ರ 130. ಟಿಎಫ್‌ಎಕ್ಸ್ ಕೋಲಿನ ಹಾಗೆ, 85 ಅಗಲ, 65 ಎತ್ತರ, 175 ಉದ್ದ. ಫ್ಲೆಕ್ಸ್ ಎಟಿಎಕ್ಸ್ 81.5, 40.5, 150, ಇದರೊಳಗೆ 40 ಎಂಎಂ ಫ್ಯಾನು, ಅದರ ಕಿರುಚಾಟ ಹಾಲ್‌ಗೆ ಆಗಿಬರುವುದಿಲ್ಲ.

ನಿಮ್ಮ ಅಳತೆಯಲ್ಲಿ ಮೋಸ ಇರುವುದು ಆಳದಲ್ಲಿ. 38 ಸೆಂ.ಮೀ. ಪೂರ್ತಿ ಸಿಗುವುದಿಲ್ಲ. ಪವರ್ ಕಾರ್ಡಿನ ತಲೆ, ಎಚ್‌ಡಿಎಂಐ ಕೇಬಲ್ ಬಾಗುವ ಜಾಗ ಎರಡಕ್ಕೂ ಹಿಂದೆ 5–6 ಸೆಂ.ಮೀ. ಬೇಕು. ದಪ್ಪ ಎಚ್‌ಡಿಎಂಐ ಕೇಬಲ್ಲನ್ನು ಒತ್ತಿ ಮಡಚಿದರೆ ಸಾಕೆಟ್ಟಿನ ಬೆಸುಗೆ ಬಿರುಕು ಬಿಡುತ್ತದೆ. ಅಲ್ಲಿಗೆ ಉಳಿಯುವುದು 32. ಎತ್ತರದಲ್ಲೂ ಮೇಲೆ 3 ಸೆಂ.ಮೀ. ಗಾಳಿಗೆ ಬಿಟ್ಟರೆ ಕ್ಯಾಬಿನೆಟ್ 14ರ ಒಳಗಿರಬೇಕು.

ಈ ಲೆಕ್ಕದಲ್ಲಿ ಸಿಲ್ವರ್‌ಸ್ಟೋನ್ ಜಿಡಿ09 ಹೊರಗೆ: 440 ಅಗಲ, 170 ಎತ್ತರ, 358 ಆಳ, ಖಾನೆಗೆ ತಗಲಿಯೇ ನಿಲ್ಲುತ್ತದೆ. ಫ್ರ್ಯಾಕ್ಟಲ್ ನೋಡ್ 304 ಒಳ್ಳೆಯ ಕ್ಯಾಬಿನೆಟ್, ಆದರೆ ಎತ್ತರ 210. ನೋಡ್ 202 ಎತ್ತರಕ್ಕೆ ಸರಿ, 82 ಎಂಎಂ ಮತ್ತು ಪಾದ. ಆಳ 332, ನಿಮ್ಮ ಮಿತಿಗಿಂತ ಒಂದು ಸೆಂ.ಮೀ. ಜಾಸ್ತಿ. ಅದರಲ್ಲಿ 3.5 ಇಂಚಿನ ಡಿಸ್ಕಿಗೆ ಜಾಗವೇ ಇಲ್ಲ, 2.5 ಇಂಚಿನವು ಮಾತ್ರ. ಇನ್‌ವಿನ್ ಚೋಪಿನ್ 3.3 ಲೀಟರಿನ ಪುಟ್ಟ ಪೆಟ್ಟಿಗೆ, ಒಳಗೇ 150 ವ್ಯಾಟ್ ಎಸ್‌ಎಂಪಿಎಸ್ ಬರುತ್ತದೆ, ಪ್ರೊಸೆಸರ್ ತಂಪು ಮಾಡುವ ಕೂಲರಿನ ಎತ್ತರ 43 ಎಂಎಂ ಮೀರಬಾರದು. ಪ್ರೊಸೆಸರ್ ಜೊತೆ ಬಂದ ಇಂಟೆಲ್ ಕೂಲರ್ ಸುಮಾರು 47 ಇರುವುದರಿಂದ ಮುಚ್ಚಳ ಹಾಕಲಾಗುವುದಿಲ್ಲ.

ಇನ್ನೊಂದು, ಕೆಲವು ಅಗ್ಗದ ಎಚ್610 ಬೋರ್ಡುಗಳ ಎಚ್‌ಡಿಎಂಐ 4ಕೆಯನ್ನು 30 ಹರ್ಟ್ಸ್‌ಗೇ ನಿಲ್ಲಿಸುತ್ತದೆ. ಕೈಪಿಡಿಯಲ್ಲಿ 60 ಹರ್ಟ್ಸ್ ಅಂತ ಇದೆಯೋ ಇಲ್ಲವೋ ಇವತ್ತೇ ನೋಡಿ.

ಏಲಕ್ಕಿ_ಹಾರ

ಹಾವೇರಿಯಿಂದ ಒಂದು ಮಾತು. ಇಷ್ಟೆಲ್ಲಾ ಯಾಕ? ಎಸ್‌ಎಂಪಿಎಸ್ ಕ್ಯಾಬಿನೆಟ್ಟಿನೊಳಗ ಇಡೋದ ಬ್ಯಾಡ. ಅಡಾಪ್ಟರ್ ಮ್ಯಾಲ ಓಡಿಸ್ರಿ. ಪಿಕೋ ಪಿಎಸ್‌ಯು ಅಂತ 24 ಪಿನ್ನಿನ ಸಾಕೆಟ್ಟಿಗೇ ಸಿಗಿಸೋ ಸಣ್ಣ ಬೋರ್ಡ್ ಬರತೈತಿ, ಹೊರಗ 12 ವೋಲ್ಟಿನ ಅಡಾಪ್ಟರ್. ಫ್ಯಾನ್ ಇಲ್ಲ, ಸಪ್ಪಳ ಇಲ್ಲ, ಬಿಸಿ ಪೆಟ್ಟಿಗೆ ಹೊರಗ. ಕೆಟ್ರ ಅಡಾಪ್ಟರ್ ಅಷ್ಟ ಬದಲಿ ಮಾಡಿದ್ರ ಆತು.

ಸೋಲ್ಡರ್_ಗನ್

@ಏಲಕ್ಕಿ_ಹಾರ ಅಣ್ಣಾರ, ಮಾತು ಖರೆ, ಆದ್ರ ಪೂರ್ತಿ ಹೇಳ್ರಿ. 12 ವೋಲ್ಟಿನ ಸಾದಾ ಪಿಕೋ 12 ವೋಲ್ಟ್ ಸಾಲನ್ನ ತಾನು ತಯಾರು ಮಾಡೂದಿಲ್ಲ. ಅಡಾಪ್ಟರ್ ಕೊಟ್ಟಿದ್ದನ್ನ ಹಂಗ ಬೋರ್ಡಿಗೆ ದಾಟಸತೈತಿ. 5 ಮತ್ತ 3.3 ಮಾತ್ರ ತಾನು ಮಾಡತೈತಿ. ಹಂಗಾಗಿ ಅಡಾಪ್ಟರ್ ಎಷ್ಟು ಚಲೋನೋ ಅಷ್ಟ ಚಲೋ ಕಂಪ್ಯೂಟರ್. ಎಲ್‌ಇಡಿ ಪಟ್ಟಿಗೆ, ಸಿಸಿಟಿವಿಗೆ ಮಾರೋ ಜಾಳಿಗಿ ಡಬ್ಬಿಯ 12 ವೋಲ್ಟ್ ಸಪ್ಲೈ ಇದಕ್ಕ ಹಚ್ಚಿದ್ರ ಪ್ರೊಸೆಸರ್ ಒಮ್ಮೆಲೆ ಎಳೆದಾಗ 11.4ರ ಕೆಳಗ ಬೀಳತೈತಿ. 12 ವೋಲ್ಟಿಗೆ ಶೇ. 5ರ ಮಿತಿ, ಅಂದ್ರ 11.40ರಿಂದ 12.60. ಅದರ ಕೆಳಗ ಹೋದ್ರ ಮಷಿನ್ ತಾನ ರಿಸ್ಟಾರ್ಟ್ ಆಗತೈತಿ, ಇಲ್ಲಾ ಡಿಸ್ಕ್ ಕಟ್ ಕಟ್ ಅಂತೈತಿ. ಆಗ ಎಲ್ಲಾರೂ ರ‍್ಯಾಮ್ ಬದಲಿ ಮಾಡ್ಕೋಂತ ಕೂಡ್ರತಾರ.

ಅಡಾಪ್ಟರ್ ದಾರಿನ ಬೇಕಂದ್ರ 12 ವೋಲ್ಟ್ 12.5 ಆ್ಯಂಪಿಯರ್, 150 ವ್ಯಾಟ್, ಮೂರು ಪಿನ್ನಿಂದು, ಮ್ಯಾಲ ಬಿಐಎಸ್ ಗುರುತು ಮತ್ತ ಆರ್ ಅಕ್ಷರದಿಂದ ಶುರು ಆಗೋ ನೋಂದಣಿ ಸಂಖ್ಯೆ ಇರಬೇಕು. ಬಯೋಸ್‌ನ್ಯಾಗ ಪ್ರೊಸೆಸರಿನ ವ್ಯಾಟ್ ಮಿತಿ ಪಿಎಲ್1, ಪಿಎಲ್2 ಎರಡನ್ನೂ 45 ವ್ಯಾಟಿಗೆ ಇಳಸ್ರಿ. ಸಿನಿಮಾಕ್ಕ ಕೂದಲೆಳಿ ಫರಕ್ ಬರೂದಿಲ್ಲ. ಡಿಸ್ಕ್ ಮಾತ್ರ ಹೊರಗ ಹೋಗಬೇಕು.

ಗೋಕುಲ_ರಸ್ತೆ_230

ಇನ್ವರ್ಟರ್ ಮಾತನ್ನು ಯಾರೂ ಎತ್ತಲಿಲ್ಲ, ನಮ್ಮ ಕಡೆ ಅದೇ ಮುಖ್ಯ.

ಕರೆಂಟ್ ಹೋದ ಗಳಿಗೆಯಿಂದ ಇನ್ವರ್ಟರ್ ಹಿಡಿಯುವ ತನಕ ಕಂಪ್ಯೂಟರ್ ಬದುಕುವುದು ಎಸ್‌ಎಂಪಿಎಸ್ಸಿನ ದೊಡ್ಡ ಕೆಪಾಸಿಟರಿನಲ್ಲಿ ಕೂಡಿಟ್ಟ ಶಕ್ತಿಯಿಂದ. 390 ಮೈಕ್ರೊಫ್ಯಾರಡ್ ಕೆಪಾಸಿಟರ್ 380 ವೋಲ್ಟಿನಿಂದ 300ಕ್ಕೆ ಇಳಿಯುವಷ್ಟರಲ್ಲಿ ಸುಮಾರು 10 ಜೌಲ್ ಕೊಡುತ್ತದೆ. ಒಳಗೆ 40 ವ್ಯಾಟ್ ಖರ್ಚಿದ್ದರೆ ನಷ್ಟ ಕಳೆದರೂ ಅದು 200 ಮಿಲಿಸೆಕೆಂಡ್ ತಳ್ಳುತ್ತದೆ. ಅದೇ ಎಸ್‌ಎಂಪಿಎಸ್ 400 ವ್ಯಾಟ್ ಹೊತ್ತಿದ್ದರೆ 20 ಮಿಲಿಸೆಕೆಂಡಿನಲ್ಲಿ ಖಲಾಸ್. ಹಾಗಾಗಿ ನಿಮ್ಮಂಥ ಹಗುರ ಮಷಿನ್ನಿಗೆ 450 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್ ಹಾಕುವುದರಲ್ಲಿ ಅರ್ಥ ಇದೆ, ವ್ಯಾಟಿಗಾಗಿ ಅಲ್ಲ, ಆ ಕೆಪಾಸಿಟರಿಗಾಗಿ. ಸಣ್ಣ ಅಡಾಪ್ಟರಿನಲ್ಲಿ 100 ಮೈಕ್ರೊಫ್ಯಾರಡ್ ಇದ್ದರೆ ಅದೇ 40 ವ್ಯಾಟಿಗೆ ಸಿಗುವುದು 60 ಮಿಲಿಸೆಕೆಂಡಿನ ಆಸುಪಾಸು, ಪ್ರೊಸೆಸರ್ ಜೋರಾಗಿದ್ದರೆ ಅದರ ಅರ್ಧಕ್ಕಿಂತ ಕಡಿಮೆ.

ಈಗ ಇನ್ವರ್ಟರಿನ ಹಿಂದಿರುವ ಸ್ವಿಚ್ ನೋಡಿ. ಯುಪಿಎಸ್ ಅಂತ ಇಟ್ಟರೆ ಬದಲಾವಣೆಗೆ ಹಿಡಿಯುವುದು 10–15 ಮಿಲಿಸೆಕೆಂಡ್. ನಾರ್ಮಲ್ ಅಥವಾ ಇಕೋ ಅಂತ ಇಟ್ಟರೆ 40ರ ಹತ್ತಿರ. ಫ್ಯಾನು, ಲೈಟಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಅಲ್ಲ. ಯುಪಿಎಸ್ ಸ್ಥಾನದಲ್ಲಿ ಒಂದು ತೊಡಕಿದೆ: ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ಇನ್ವರ್ಟರ್ ಬ್ಯಾಟರಿಗೆ ಹಾರುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಕಡಿಮೆ ಇರುವ ಓಣಿಗಳಲ್ಲಿ ಕರೆಂಟ್ ಇದ್ದೂ ಬ್ಯಾಟರಿ ಸವೆಯುತ್ತದೆ.

ಇನ್ವರ್ಟರ್ ಸೈನ್ ವೇವ್ ಆಗಿರಲಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಆ್ಯಕ್ಟಿವ್ ಪಿಎಫ್‌ಸಿ (ಕರೆಂಟನ್ನು ವೋಲ್ಟೇಜಿನ ಅಲೆಗೆ ಹೊಂದಿಸಿ ಎಳೆಯುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್ ಝೇಂಕರಿಸುತ್ತದೆ, ಕೆಲವು ಬದಲಾವಣೆಯ ಹೊತ್ತಿಗೆ ಆಫ್ ಆಗಿಬಿಡುತ್ತವೆ.

ಉಣಕಲ್_ಕೆರೆ

ಇನ್ವರ್ಟರ್ ಸೈನ್ ವೇವ್ ಐತಿ, ಸ್ವಿಚ್ ಇಕೋದಾಗ ಇತ್ತು, ಬದಲಿ ಮಾಡೀನಿ. ಬೋರ್ಡಿನ ಕೈಪಿಡಿಯೊಳಗ 4ಕೆ 60 ಹರ್ಟ್ಸ್ ಅಂತ ಐತಿ.

ಎರಡು ಪ್ರಶ್ನೆ. 80 ಪ್ಲಸ್ ಗೋಲ್ಡ್ ಬೇಕೋ, ಬ್ರಾಂಝ್ ಸಾಕೋ? ಕಪಾಟು ಗೋಡೆಯಿಂದ ಒಂದು 7 ಸೆಂ.ಮೀ. ಮುಂದ ಐತಿ, ಹಿಂದಿನ ಪ್ಲೈವುಡ್ ಕೊಯ್ಸಿದ್ರ ನೋಡ್ 202 ಕೂಡ್ರತೈತೇನು?

ಸಪ್ತಾಪುರ_ಸೌಂಡ್

ಕೂರುತ್ತದೆ, ಕೊಯ್ಸುವುದೇ ಸರಿಯಾದ ದಾರಿ. ಬಡಿಗೇರರಿಗೆ ಹೇಳಿ 38 ಅಗಲ, 10 ಎತ್ತರದ ಕಿಂಡಿ ತೆಗೆಸಿ. ಆಳದ ತಕರಾರೂ ಹೋಗುತ್ತದೆ, ಬಿಸಿ ಗಾಳಿಗೆ ದಾರಿಯೂ ಆಗುತ್ತದೆ.

80 ಪ್ಲಸ್ ಅಂದರೆ ಎಸ್‌ಎಂಪಿಎಸ್ ಎಷ್ಟು ಕರೆಂಟ್ ಪೋಲು ಮಾಡದೆ ದಾಟಿಸುತ್ತದೆ ಅನ್ನುವುದರ ದರ್ಜೆ. ಆ ಪದಕ ಕೊಡುವುದು ಶೇ. 20, 50, 100 ಹೊರೆಯಲ್ಲಿ ಅಳೆದು. ಟೈಟೇನಿಯಂ ಒಂದಕ್ಕೆ ಮಾತ್ರ ಶೇ. 10ರಲ್ಲೂ ಅಳೆಯುತ್ತಾರೆ. ನಿಮ್ಮ 40 ವ್ಯಾಟ್ ಅಂದರೆ 450ರ ಶೇ. 9. ಅಲ್ಲಿ ಗೋಲ್ಡ್ ಹೇಗೆ ನಡೆಯುತ್ತದೆ ಅಂತ ಪದಕ ಹೇಳುವುದಿಲ್ಲ. ಒಂದು ಶೇ. 78, ಇನ್ನೊಂದು ಶೇ. 84 ಅಂತ ಹಿಡಿದರೂ ವ್ಯತ್ಯಾಸ ನಾಲ್ಕು ವ್ಯಾಟಿನ ಒಳಗೆ. ದಿನಕ್ಕೆ 4 ಗಂಟೆ ಓಡಿಸಿದರೆ ವರ್ಷಕ್ಕೆ ಐದಾರು ಯೂನಿಟ್. ಕರೆಂಟ್ ಬಿಲ್ಲಿಗಾಗಿ ಗೋಲ್ಡ್ ಕೊಳ್ಳುವುದು ದಂಡ.

ಆದರೂ ಎಸ್‌ಎಫ್‌ಎಕ್ಸ್‌ನಲ್ಲಿ ಗೋಲ್ಡನ್ನೇ ಕೊಳ್ಳಿ ಅನ್ನುತ್ತೇನೆ. ಕಾರಣ ಸದ್ದು. ಆ ದರ್ಜೆಯಲ್ಲಿ 92 ಎಂಎಂ ಫ್ಯಾನ್ ಬರುತ್ತದೆ, ಕಾರ್ಸೇರ್ ಎಸ್‌ಎಫ್ ಸಾಲಿನಂಥವುಗಳಲ್ಲಿ ಹೊರೆ ಕಡಿಮೆ ಇದ್ದಾಗ ಫ್ಯಾನ್ ನಿಂತೇ ಇರುತ್ತದೆ. ನಿಮ್ಮ 40 ವ್ಯಾಟಿಗೆ ಅದು ತಿರುಗುವ ಪ್ರಸಂಗವೇ ಅಪರೂಪ. ವ್ಯಾಟ್ 450 ಸಾಕು, 550 ಸಿಕ್ಕರೆ ಬೇಡ ಅನ್ನಬೇಡಿ.

ಬೆಟಗೇರಿ_ಬಿಸಿಲು

ಗಾಜಿನ ಬಾಗಲದ ಬಗ್ಗೆ ಹೇಳತೀನಿ, ಗದಗಿನ್ಯಾಗ ಇದರ ಅನುಭವ ಎಲ್ಲಾರಿಗೂ ಐತಿ. ಬಾಗಲ ಮುಚ್ಚಿದ ಖಾನೆ ಅಂದ್ರ ಬಿಸಿ ರೊಟ್ಟಿ ಕಟ್ಟಿಟ್ಟ ಬುತ್ತಿ ಡಬ್ಬಿ. ಒಳಗಿನ ಗಾಳಿನ ತಿರುಗಿ ತಿರುಗಿ ಕೂಲರಿಗೆ ಹೋಗತೈತಿ, ಕೂಲರ್ ಎಷ್ಟು ದುಬಾರಿದು ಇದ್ರೂ ಉಪಯೋಗ ಇಲ್ಲ.

ಲೆಕ್ಕ ಸರಳ ಐತಿ: 60 ವ್ಯಾಟ್ ಬಿಸಿಯನ್ನ ನಿಮಿಷಕ್ಕ 20 ಘನ ಅಡಿ ಗಾಳಿ ಹೊರಗ ಒಯ್ದ್ರ ಖಾನೆ ಒಳಗ ಕೋಣಿಗಿಂತ 5 ಡಿಗ್ರಿ ಏರತೈತಿ, ಅಷ್ಟ. 120 ಎಂಎಂ ಫ್ಯಾನ್ ನಿಧಾನಕ್ಕ, 600–700 ಸುತ್ತಿನ್ಯಾಗ ತಿರುಗಿದ್ರ ಅಷ್ಟು ಗಾಳಿ ಬರತೈತಿ, ಸಪ್ಪಳ ಕೇಳೂದಿಲ್ಲ. ಹಿಂದಿನ ಪ್ಲೈವುಡ್ಡಿನ ಮ್ಯಾಲಿನ ಮೂಲ್ಯಾಗ ಆ ಫ್ಯಾನ್ ಕೂಡಸ್ರಿ, ಹೊರಗ ಊದೋ ಹಂಗ. ತಂಪು ಗಾಳಿ ಒಳಗ ಬರಾಕ ಗಾಜಿನ ಬಾಗಲದ ಕೆಳಗ 8–10 ಎಂಎಂ ಸಂದಿ ಉದ್ದಕ್ಕೂ ಬೇಕು. ಒಳಗ ಬರಾಕ ದಾರಿ ಇಲ್ಲದ ಬರೇ ಹೊರಗ ಊದೋ ಫ್ಯಾನ್ ಹಾಕಿದ್ರ ಅದು ತಿರುಗತೈತಿ, ಗಾಳಿ ಹರಿಯೂದಿಲ್ಲ. ಊದುಬತ್ತಿ ಹಚ್ಚಿ ಸಂದಿ ಮುಂದ ಹಿಡೀರಿ, ಹೊಗಿ ಒಳಗ ಎಳೀಬೇಕು.

ನೋಡ್ 202 ಒಳಗ ಪ್ರೊಸೆಸರ್ ಕಡೆ ಬ್ಯಾರೆ ಫ್ಯಾನಿಗೆ ಜಾಗ ಇಲ್ಲ. ಕೂಲರಿನ ಫ್ಯಾನ್ ಜಾಳಿಗಿಯಿಂದ ನೇರ ಗಾಳಿ ಎಳಕೊಳ್ಳಬೇಕು. ಕೂಲರ್ 56 ಎಂಎಂ ತನಕ ಹಿಡೀತೈತಿ, ಹಂಗಾಗಿ ಇಂಟೆಲ್ ಕೊಟ್ಟಿದ್ದು ನಡೀತೈತಿ. ಸಪ್ಪಳ ಕಡಿಮಿ ಬೇಕಂದ್ರ ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47, ಎತ್ತರ 47. ನಾಕ್ಟುವಾ ಎನ್‌ಎಚ್-ಎಲ್9ಐ 37 ಎಂಎಂ, ಚಲೋನ, ಆದ್ರ ಜಾಗ ಇದ್ದಾಗ ಸಣ್ಣದಕ್ಕ ಹೆಚ್ಚು ರೊಕ್ಕ ಯಾಕ ಕೊಡಬೇಕು. ಯಾವುದ ತಗೊಂಡ್ರೂ ಎಲ್‌ಜಿಎ 1700 ಅನ್ನೋ ನಿಮ್ಮ ಪ್ರೊಸೆಸರ್ ಸಾಕೆಟ್ಟಿನ ಕ್ಲಾಂಪ್ ಡಬ್ಬಿಯೊಳಗ ಐತೋ ಕೇಳ್ರಿ.

ಧೂಳು. ಜಾಳಿಗಿ ಮ್ಯಾಲಿನ ಫಿಲ್ಟರನ್ನ ತಿಂಗಳಿಗೊಮ್ಮೆ ನೀರಾಗ ತೊಳದು ಪೂರ್ತಿ ಆರಿದಮ್ಯಾಲ ಹಾಕ್ರಿ. ಹಿಂದಿನ ಕಿಂಡಿಗೆ ಸೊಳ್ಳಿ ಜಾಳಿಗಿ ಹೊಡೀರಿ. ಬೆಚ್ಚಗ ಅಂತ ಹಲ್ಲಿ ಒಳಗ ಹೊಕ್ಕು ಎಸ್‌ಎಂಪಿಎಸ್ಸಿನ ಎರಡು ಕಾಲಿನ ನಡು ಸತ್ತು ಶಾರ್ಟ್ ಆಗೋದು ಚೇಷ್ಟೆ ಮಾತಲ್ಲ.

ಗೋಕುಲ_ರಸ್ತೆ_230

ಅರ್ಥಿಂಗ್ ಬಗ್ಗೆ ಚಿಕ್ಕದಾಗಿ. ಮೆಟಲ್ ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅಂದರೆ ಎಸ್‌ಎಂಪಿಎಸ್ ಬಹಳ ಸಲ ಕೆಟ್ಟಿರುವುದಿಲ್ಲ, ಸಾಕೆಟ್ಟಿನಲ್ಲಿ ಅರ್ಥ್ ಇರುವುದಿಲ್ಲ. ಒಳಗಿನ ಫಿಲ್ಟರಿನ ಎರಡು ಕೆಪಾಸಿಟರುಗಳು ಫೇಸು, ನ್ಯೂಟ್ರಲ್ಲಿನ ನಡುವೆ ಪೆಟ್ಟಿಗೆಯನ್ನು ಇಡುತ್ತವೆ. ಅರ್ಥ್ ಇಲ್ಲದಿದ್ದರೆ ಪೆಟ್ಟಿಗೆ 115 ವೋಲ್ಟಿನಲ್ಲಿ ತೇಲುತ್ತದೆ. ಕರೆಂಟ್ ಒಂದು ಮಿಲಿಆ್ಯಂಪಿಯರಿಗಿಂತ ಕಡಿಮೆ, ಮನುಷ್ಯನಿಗೆ ಅಪಾಯ ಇಲ್ಲ. ಆದರೆ ಚಾಲೂ ಇದ್ದಾಗ ಎಚ್‌ಡಿಎಂಐ ಸಿಗಿಸಿದರೆ ಆ ವೋಲ್ಟೇಜ್ ಟಿವಿಯ ಪೋರ್ಟಿನ ಮೂಲಕ ಇಳಿದು ಅದನ್ನು ಸುಡಬಹುದು. ಎರಡೂ ಕಡೆ ಪ್ಲಗ್ ತೆಗೆದೇ ಕೇಬಲ್ ಹಾಕಿ.

ಸ್ಪೀಕರಿನಲ್ಲಿ ಹುಂ ಅಂದರೆ ಮೊದಲು ಡಿಶ್ಶಿನ ಕೋಯಾಕ್ಸ್ ಕೇಬಲ್ ತೆಗೆದು ನೋಡಿ. ಹುಂ ನಿಂತರೆ ಅದೇ ಕಾರಣ. ಟಿವಿ, ಆ್ಯಂಪ್ಲಿಫೈಯರ್, ಕಂಪ್ಯೂಟರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಕೊಡಿ. ಅರ್ಥ್ ಪಿನ್ ಮುರಿದು ಹುಂ ಓಡಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ.

ಅಡ್ಡಮಳೆ ದಿನಗಳಲ್ಲಿ ಗುಡುಗು ಶುರುವಾದರೆ ಪವರ್ ಪ್ಲಗ್ ಅಷ್ಟೇ ಅಲ್ಲ, ಕೋಯಾಕ್ಸ್, ಇಂಟರ್ನೆಟ್ ಕೇಬಲ್ ಎರಡನ್ನೂ ತೆಗೆಯಿರಿ. ಸಿಡಿಲಿನ ಹೊಡೆತ ಬಹಳ ಸಲ ಬರುವುದು ಅವುಗಳಿಂದ. ಅರ್ಥ್ ಇಲ್ಲದ ಮನೆಯಲ್ಲಿ ಸ್ಪೈಕ್ ಗಾರ್ಡ್ ಅರ್ಧ ಕೆಲಸವನ್ನೂ ಮಾಡುವುದಿಲ್ಲ.

ಏಲಕ್ಕಿ_ಹಾರ

ಎಲ್ಲಾ ಒಪ್ಪಿದೆ, ಆದ್ರ ಎಸ್‌ಎಫ್‌ಎಕ್ಸ್ ಕೆಟ್ಟ ದಿನ ಏನ್ ಮಾಡ್ತೀರಿ? ಹುಬ್ಬಳ್ಳಿ ಕೊಪ್ಪೀಕರ್ ರಸ್ತೆಗೆ ಹೋದ್ರ ಎಟಿಎಕ್ಸ್ ಅವತ್ತ ಸಿಗತೈತಿ. ಎಸ್‌ಎಫ್‌ಎಕ್ಸ್ ಬೆಂಗಳೂರಿಂದ ಬರಬೇಕು, ಇಲ್ಲಾ ಆನ್‌ಲೈನ್. ವಾರ ಟಿವಿ ಬಂದ್.

ಸೋಲ್ಡರ್_ಗನ್

ಬಂದ್ ಯಾಕ ಆಗಬೇಕ್ರಿ? 24 ಪಿನ್ನು, ಪ್ರೊಸೆಸರಿನ 4 ಪಿನ್ನು ಎಲ್ಲಾದರಾಗೂ ಒಂದ. ವಾರದ ಮಟ್ಟಿಗೆ ಯಾವುದರ ಎಟಿಎಕ್ಸ್ ಮಗ್ಗಲಕ್ಕ ಇಟ್ಟು, ಮುಚ್ಚಳ ತೆಗದು ಓಡಿಸ್ರಿ. ಚೋಪಿನ್ನಿನಂಗ ಒಳಗ ಜೋಡಿಸಿದ ವಿಶೇಷ ಆಕಾರದ್ದು ಆದ್ರ ಕಾಯಂ ಬದಲಿ ಸಿಗೋದ ಕಷ್ಟ, ಅದಕ್ಕ ನಾ ಅದನ್ನ ಹೇಳೂದಿಲ್ಲ. ಎಸ್‌ಎಫ್‌ಎಕ್ಸ್ ಹಂಗಲ್ಲ, ಹಲವು ಕಂಪನಿ ಮಾಡತಾವು, ವಾರಂಟಿನೂ ಉದ್ದ.

ಒಂದ ಎಚ್ಚರ: ಮಾಡ್ಯುಲರ್, ಅಂದ್ರ ಕೇಬಲ್ ಬಿಚ್ಚಾಕ ಬರೋ ಎಸ್‌ಎಂಪಿಎಸ್ ಬದಲಿ ಮಾಡಿದ್ರ ಹಳೇ ಕೇಬಲ್ ಬಿಡಬ್ಯಾಡ್ರಿ ಒಳಗ. ಡಿಸ್ಕಿನ ಕಡೆ ತುದಿ ಎಲ್ಲಾ ಕಂಪನಿದೂ ಒಂದ, ಎಸ್‌ಎಂಪಿಎಸ್ ಕಡೆ ತುದಿ ಒಂದಲ್ಲ. ಸಿಗಿಸಿದ್ರ ಸರಿಯಾಗಿ ಕೂಡ್ರತೈತಿ, 5 ವೋಲ್ಟ್ ಇರಬೇಕಾದಲ್ಲಿ 12 ಬಂದು ಡಿಸ್ಕ್ ಸುಟ್ಟು ಹೋಗತೈತಿ.

ಹೊಸದನ್ನ ಹಸರು ವೈರು ಕರೇ ವೈರು ಕೂಡಿಸಿ ಅಂಗಡ್ಯಾಗ ಚಾಲೂ ಮಾಡಿ ತೋರಸ್ತಾರ. ಅದು ಜೀವ ಐತಿ ಅಂತ ಹೇಳತೈತಿ, ಹೊರೆ ಹೊರತೈತಿ ಅಂತ ಹೇಳೂದಿಲ್ಲ. ಅದರಾಗ ಹೊರೆ ಇಲ್ಲದ ಫ್ಯಾನ್ ತಿರುಗದ ಜಾತಿದಾದ್ರ ಸತ್ತೈತಿ ಅಂತ ತಿರುಗಿ ಕೊಟ್ಟುಬಿಡಬ್ಯಾಡ್ರಿ, ಮಲ್ಟಿಮೀಟರ್ ಹಚ್ಚಿ ನೋಡ್ರಿ.

ಉಣಕಲ್_ಕೆರೆ

ಸರಿ, ನೋಡ್ 202, 450 ವ್ಯಾಟ್ ಎಸ್‌ಎಫ್‌ಎಕ್ಸ್ ಗೋಲ್ಡ್, 47 ಎಂಎಂ ಕೂಲರ್, ಕಿಂಡಿ ಕೊಯ್ಸೋದು. 3.5 ಡಿಸ್ಕ್ ಏನು ಮಾಡ್ಲಿ? ರಿಮೋಟಿನಿಂದ ಕಂಪ್ಯೂಟರ್ ಎಬ್ಬಿಸಾಕ ಬರತೈತೇನು?

ಸಪ್ತಾಪುರ_ಸೌಂಡ್

ಡಿಸ್ಕನ್ನು ತನ್ನದೇ 12 ವೋಲ್ಟ್ 2 ಆ್ಯಂಪಿಯರ್ ಅಡಾಪ್ಟರ್ ಇರುವ ಯುಎಸ್‌ಬಿ 3 ಪೆಟ್ಟಿಗೆಗೆ ಹಾಕಿ, ಪಕ್ಕದ ಖಾನೆಯಲ್ಲಿ ರಬ್ಬರ್ ತುಂಡಿನ ಮೇಲೆ ಇಡಿ. ಬರೀ ಪ್ಲೈವುಡ್ ಮೇಲಿಟ್ಟರೆ ಕಪಾಟೇ ಗುಂಯ್ಗುಡುತ್ತದೆ. ಅಡಾಪ್ಟರ್ ಇನ್ವರ್ಟರಿನ ಸಾಲಿನಲ್ಲೇ ಇರಲಿ, ಇಲ್ಲದಿದ್ದರೆ ಕರೆಂಟ್ ಹೋದಾಗ ಕಂಪ್ಯೂಟರ್ ಉಳಿದು ಡಿಸ್ಕ್ ಮಾತ್ರ ಬೀಳುತ್ತದೆ. ಒಳಗೇ ಬೇಕೆಂದರೆ 2.5 ಇಂಚಿನದು ಕೊಳ್ಳಬೇಕು, ಆಗ ದಪ್ಪ ಕೇಳಿ: 7 ಎಂಎಂ ಇರುವುದು ಕೂರುತ್ತದೆ, ದೊಡ್ಡ ಗಾತ್ರದ 15 ಎಂಎಂ ಡಿಸ್ಕಿಗೆ ಬ್ರ್ಯಾಕೆಟ್ ಸಾಲದು.

ರಿಮೋಟ್: ಪಿಸಿಯ ಎಚ್‌ಡಿಎಂಐನಲ್ಲಿ ಸಾಮಾನ್ಯವಾಗಿ ಸಿಇಸಿ (ರಿಮೋಟಿನ ಆಜ್ಞೆ ಕೇಬಲ್ ಮೂಲಕ ದಾಟಿಸುವ ವ್ಯವಸ್ಥೆ) ಇರುವುದಿಲ್ಲ, ಟಿವಿ ರಿಮೋಟ್ ನೇರ ಕೆಲಸ ಮಾಡದು. ಫ್ಲಿರ್ಕ್ ಥರದ ಯುಎಸ್‌ಬಿ ಐಆರ್ ರಿಸೀವರ್ ಹಾಕಿ. ಅದು ಮಲಗಿದ ಮಷಿನ್ನನ್ನು ಎಬ್ಬಿಸಬೇಕಾದರೆ ಯುಎಸ್‌ಬಿಗೆ ಸ್ಟ್ಯಾಂಡ್‌ಬೈ 5 ವೋಲ್ಟ್ ಬರುತ್ತಿರಬೇಕು. ಬಯೋಸ್‌ನಲ್ಲಿ ಇಆರ್‌ಪಿ ಅನ್ನುವ, ಮಲಗಿದಾಗ ಕರೆಂಟ್ ಉಳಿಸುವ ಆಯ್ಕೆಯನ್ನು ಡಿಸೇಬಲ್ ಮಾಡಿ, ಯುಎಸ್‌ಬಿ ವೇಕ್ ಎನೇಬಲ್ ಮಾಡಿ. ಕರೆಂಟ್ ಹೋಗಿ ಬಂದ ಮೇಲೆ ತಾನೇ ಚಾಲೂ ಆಗಬಾರದು ಅಂದರೆ ಎಸಿ ಪವರ್ ಲಾಸ್ ಅನ್ನುವಲ್ಲಿ ಪವರ್ ಆಫ್ ಆರಿಸಿ.

ಬೆಟಗೇರಿ_ಬಿಸಿಲು

ಬಡಿಗೇರರನ್ನ ಕರಸೋ ಮೊದಲ ಕ್ಯಾಬಿನೆಟ್ ತಂದು ಖಾನೆಯೊಳಗ ಇಟ್ಟು, ಕೇಬಲ್ ಎಲ್ಲಾ ಸಿಗಿಸಿ, ಪೆನ್ಸಿಲಿನಿಂದ ಗುರುತು ಹಾಕ್ರಿ. ಪೇಪರಿನ ಮ್ಯಾಲಿನ ಅಳತಿ ನೋಡಿ ಕೊಯ್ದ್ರ ಎಚ್‌ಡಿಎಂಐ ಎದುರಿಗೇ ಪ್ಲೈವುಡ್ ಉಳೀತೈತಿ. ಕೊಯ್ಯುವಾಗ ಕ್ಯಾಬಿನೆಟ್ ಹೊರಗಿರಲಿ, ಕಟ್ಟಗಿ ಪುಡಿ ಫಿಲ್ಟರಿಗೆ ಮೆತ್ತಿದ್ರ ಕೊಡವಿದ್ರೂ ಹೋಗೂದಿಲ್ಲ.